ಎಡಕ್ಕೇ ತಿರುಗುವ ನಮ್ಮ ಮಾವ

ನಮ್ಮ ಸೋದರಮಾವನ ಪಾಲಿಗೆ ಈ ಪ್ರಪಂಚದಲ್ಲಿ ಬಲಗಡೆ ಎಂಬುದೇ ಇಲ್ಲ ಎಂದರೆ ನೀವು ನಗುತ್ತೀರಿ. ನಗಿ, ನಗಿ! ನಿಮಗೇನು? ನೀವು ಅವನ ಜೀಪಿನಲ್ಲಿ ಕೂತವರಲ್ಲ. ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಪಕ್ಕಕ್ಕೆ ಬಂದು ಕೂತು, ಮುಖವನ್ನು ದಿಟ್ಟಿಸಿ, ‘ಎಡಕ್ಕ ತಿರುಗ್ತಾರಲ್ಲ, ಅವರ ಸೊಸಿ ಅಲ್ಲೇನ್ರಿ ನೀವು?’ ಎಂದು ನಿಮ್ಮನ್ನು ಯಾವತ್ತೂ ಕೇಳಿಲ್ಲ. ನನ್ನನ್ನು ಕೇಳಿದ್ದಾರೆ. ‘ಅಲ್ರಿ’ ಎಂದು ಸುಳ್ಳು ಹೇಳಿ, ಊರು ಬರುವತನಕ ಕಿಟಕಿಯ ಹೊರಗೆ ಮೆಕ್ಕೆಜೋಳದ ಹೊಲಗಳನ್ನು ನೋಡುತ್ತ ಕೂತಿದ್ದೇನೆ.

ಕೊಟ್ಟೂರಿನಲ್ಲಿ ಅವನದೊಂದು ಪಂಪ್‌ಸೆಟ್ ರಿಪೇರಿ ಅಂಗಡಿ. ಅಂಗಡಿಯಿಂದ ಹೊರಬಿದ್ದು ಬಲಕ್ಕೆ ಹೊರಳಿದರೆ ಎರಡನೇ ಓಣಿಯಲ್ಲೇ ಮನೆ. ಆದರೆ ಮಾವ ಎಡಕ್ಕೆ ಹೊರಳುತ್ತಾನೆ. ಮುಂದೆ ಮತ್ತೆ ಎಡಕ್ಕೆ. ಬಜಾರು ದಾಟಿ ಮತ್ತೆ ಎಡಕ್ಕೆ. ಹೀಗೆ ಅರ್ಧ ಊರನ್ನು ಸುತ್ತಿ, ಕಂಡವರಿಗೆಲ್ಲ ಕೈಯೆತ್ತಿ, ಮನೆಯ ಬಾಗಿಲಿಗೆ ಬರುತ್ತಾನೆ. ಉಪ್ಪು ತರಲು ಕಳಿಸಿದರೆ ಮುಗಿಯಿತು. ‘ಸಾರು ಕುದ್ದು, ಆರಿ, ಮತ್ತ ಕಾಸಿದ್ರೂ ನಿಮ್ಮ ಮಾವನ ಉಪ್ಪು ಬರಂಗಿಲ್ಲವ್ವಾ’ ಎಂದು ಅತ್ತೆ ಗೋಳಾಡುತ್ತಾಳೆ. ಯಾಕೆ ಮಾವಾ ಹೀಗೆ ಎಂದು ಕೇಳಿದರೆ ಉತ್ತರ ಸಿದ್ಧ: ‘ಎಡಕ್ಕ ತಿರುಗಿದ್ರ ಎದುರಿಗೆ ಬರಾಂವ ಯಾರೂ ಇರಂಗಿಲ್ಲ. ಬಲಕ್ಕ ತಿರುಗಾಂವ ಒಂದಿಲ್ಲೊಂದಿನ ಲಾರಿಗೆ ಸಿಗ್ತಾನ.’ ಇದಕ್ಕೆ ಏನು ಹೇಳುತ್ತೀರಿ?

ಈ ಹುಚ್ಚು ಹತ್ತಿದ್ದು ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ. ಕೊಟ್ಟೂರಿನಲ್ಲೇ ಇದ್ದ ನಮ್ಮ ಮನೆಯ ಓಣಿಗೆ ಆಗಷ್ಟೇ ಕೇಬಲ್ ಬಂದಿತ್ತು. ಒಂದು ಬೆಳಿಗ್ಗೆ ಮಾವ ನಮ್ಮ ಟೀವಿಯಲ್ಲಿ ಭಕ್ತಿಗೀತೆ ಹುಡುಕಲು ಹೋಗಿ ಯಾವುದೋ ಪರದೇಶದ ಚಾನೆಲ್ಲಿಗೆ ಬಿದ್ದ. ಅಲ್ಲಿ ಕಾರುಗಳು ಓಡುತ್ತಿದ್ದವು. ಅವೂ ಎಂಥ ಕಾರುಗಳು! ಮೇಲೆ ಚಾವಣಿಯಿಲ್ಲ, ಬಾಗಿಲಿಲ್ಲ, ನಾಲ್ಕೂ ಗಾಲಿಗಳು ಮೈಯಿಂದ ಹೊರಗೆ ಬೆತ್ತಲೆ ನಿಂತಿವೆ. ಓಡುವ ದಾರಿಯೋ, ಹೋಳಿಗೆ ಲಟ್ಟಿಸುವಾಗ ಕೈ ಜಾರಿದರೆ ಆಗುತ್ತದಲ್ಲ, ಆ ಆಕಾರದ್ದು. ಅದರ ಮೇಲೆ ಸುತ್ತು, ಸುತ್ತು, ಬರೀ ಎಡಸುತ್ತು! ಅಮ್ಮ ಒಂದು ನಿಮಿಷ ನೋಡಿ, ‘ಎಲ್ಲಿಗೂ ಹೋಗಂಗಿಲ್ಲಂದ್ರ ಇಷ್ಟು ಅವಸರ ಯಾಕೋ ಇವಕ್ಕ?’ ಎಂದು ಒಳಗೆ ಹೋದಳು. ಮಾವ ಮಾತ್ರ ಕೈಯಲ್ಲಿದ್ದ ಮಂಡಕ್ಕಿಯನ್ನು ಬಾಯಿಗೆ ಹಾಕುವುದನ್ನೂ ಮರೆತು ಕೂತಿದ್ದ.

ಕೊನೆಗೆ ಒಬ್ಬ ಗೆದ್ದ. ಗೆದ್ದವನ ಕೈಗೆ ಬಾಟಲಿ ಕೊಟ್ಟರು. ಅಮ್ಮ ಸೆರಗನ್ನು ಮೂಗಿಗೆ ಹಿಡಿದು, ‘ಬಂದ್ ಮಾಡೋ, ಹುಡುಗರು ಅದಾವ’ ಎಂದಳು. ಆದರೆ ಬಾಟಲಿಯಲ್ಲಿದ್ದದ್ದು ಹಾಲು! ಬೆಳ್ಳಗಿನ, ಅಪ್ಪಟ ಹಾಲು! ಮಾವ ಎದ್ದು ನಿಂತುಬಿಟ್ಟ. ‘ಅಕ್ಕಾ, ನೋಡಿಲ್ಲಿ! ಅಷ್ಟು ದೊಡ್ಡ ಆಟ ಗೆದ್ದು ಹಾಲು ಕುಡಿಯಾಕತ್ತಾನ. ಇದು ನಮ್ಮ ಪೈಕಿ ಆಟ ಐತಿ!’ ಅಂದಿನಿಂದ ಅವನ ಮಟ್ಟಿಗೆ ಆ ಡ್ರೈವರುಗಳೆಲ್ಲ ನಮ್ಮ ಬಳಗವಾದರು.

ಬಳಗ ಎಂದರೆ ಬಾಯಿಮಾತಿನ ಬಳಗವಲ್ಲ. ಅವರಲ್ಲೊಬ್ಬ ಗೋಡೆಗೆ ಗುದ್ದಿ ಸತ್ತಾಗ ಮಾವ ಅಂಗಡಿ ತೆರೆಯಲಿಲ್ಲ. ಎದುರು ಮನೆಯವರು ಬಂದು ಅಮ್ಮನ ಪಕ್ಕದಲ್ಲಿ ಕೂತು, ದನಿ ತಗ್ಗಿಸಿ, ‘ಯಾರು ಹೋದ್ರಂತ್ರಿ?’ ಎಂದರು. ಅಮ್ಮ ಏನು ಹೇಳಿಯಾಳು? ‘ದೂರದ ಸಂಬಂಧ್ರಿ’ ಎಂದಳು. ‘ಎಷ್ಟು ದೂರದವರು?’ ‘ಭಾಳ ದೂರದವರ್ರಿ’ ಎಂದು ಹೇಳಿ ನೆಲ ನೋಡಿದಳು. ಆ ಪುಣ್ಯಾತ್ಮರು ಸಂಜೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದು ಮಾವನಿಗೆ ಸಮಾಧಾನ ಹೇಳಿ ಹೋದರು. ಮಾವ ಕಣ್ಣೊರೆಸಿಕೊಂಡು, ‘ತಿರುವಿನ್ಯಾಗ ಭಾಳ ಚಲೋ ಇದ್ದ’ ಎಂದ. ಅವರು ಹೌದೆಂದು ತಲೆಯಾಡಿಸಿದರು.

ನನ್ನ ಮದುವೆಯಾದ ಹೊಸತಿನಲ್ಲಿ ಹಗರಿಬೊಮ್ಮನಹಳ್ಳಿಯಿಂದ ನಮ್ಮ ಮಾವನವರು, ಅಂದರೆ ಗಂಡನ ತಂದೆ, ಮೊದಲ ಸಲ ನನ್ನ ತವರಿಗೆ ಬಂದರು. ಅವರನ್ನು ಕರೆತರಲು ಈ ಮಹಾರಾಯ ಜೀಪು ತೆಗೆದುಕೊಂಡು ಹೋದ. ಮಳೆ ಬಂದು ನಿಂತಿತ್ತು. ಆ ಜೀಪಿನ ಮಡ್‌ಗಾರ್ಡುಗಳನ್ನೆಲ್ಲ ಅವನು ಆ ಹಿಂದಿನ ವಾರವೇ ಬಿಚ್ಚಿ ಹಿತ್ತಿಲಲ್ಲಿ ಇಟ್ಟಿದ್ದನೆಂಬುದು ನನಗಾದರೂ ಹೇಗೆ ಗೊತ್ತಾಗಬೇಕು? ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೋಪಿಯಲ್ಲಿ ಬಸ್ಸಿಳಿದ ಮನುಷ್ಯ ನಮ್ಮ ಬಾಗಿಲಿಗೆ ಬಂದಾಗ ಬೆಳ್ಳಗೆ ಉಳಿದದ್ದು ಹಲ್ಲು ಮಾತ್ರ. ಅದೂ ನಗುವಿನಿಂದ ಕಂಡದ್ದಲ್ಲ! ‘ಗಾಲಿ ಬಯಲಾಗ ಇದ್ರ ಗಾಳಿ ಆಡ್ತೈತ್ರಿ ಬೀಗ್ರ’ ಎಂದು ಮಾವ ಅವರಿಗೆ ವಿವರಿಸುತ್ತಿದ್ದ. ನಾನು ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿಯ ಹಿಂದೆ ಕೂತೆ. ಭೂಮಿ ಬಾಯಿಬಿಡಲಿಲ್ಲ.

ಇನ್ನು ಊಟದ ಪಂಕ್ತಿಯ ಕಥೆ. ನನ್ನ ಮೈದುನನ ಗೃಹಪ್ರವೇಶದಲ್ಲಿ ಬಡಿಸುವ ಉಸ್ತುವಾರಿಯನ್ನು ಮಾವ ತಾನೇ ಮೈಮೇಲೆ ಎಳೆದುಕೊಂಡ. ಆ ರೇಸಿನಲ್ಲಿ ಕಾರು ನಡುವೆ ಒಮ್ಮೆ ಪಕ್ಕಕ್ಕೆ ಬಂದು ನಿಲ್ಲುತ್ತದಂತೆ. ನಿಂತ ಕ್ಷಣವೇ ನಾಲ್ಕೂ ಕಡೆಯಿಂದ ಜನ ಮುಗಿಬಿದ್ದು ಗಾಲಿ ಬದಲಿಸಿ, ಎಣ್ಣೆ ತುಂಬಿ ದಬ್ಬುತ್ತಾರಂತೆ. ಅದೇ ಪದ್ಧತಿ ಇಲ್ಲಿಗೂ ಬಂತು. ಒಬ್ಬೊಬ್ಬರ ಎಲೆಯ ಮೇಲೂ ನಾಲ್ವರು ಒಟ್ಟಿಗೆ ಎರಗುವುದು. ಒಬ್ಬ ಅನ್ನ, ಒಬ್ಬ ಸಾರು, ಒಬ್ಬ ಪಲ್ಯ, ಒಬ್ಬ ತುಪ್ಪ! ‘ಸಾಕ್ರಿ’ ಎಂದು ಎಲೆಗೆ ಅಡ್ಡ ಕೈ ಹಿಡಿದವರ ಅಂಗೈಗೆ ತುಪ್ಪ. ತಲೆಯೆತ್ತಿದವರ ಮೂಗಿಗೆ ಸಾರು. ಎಲ್ಲೋ ಸಾರಿನ ಬಕೆಟ್ಟು ಉರುಳಿದ್ದೇ ತಡ, ಮಾವ ಹೆಗಲ ಮೇಲಿನ ಹಳದಿ ಟವೆಲ್ ಬೀಸಿ, ‘ನಿಂದ್ರಿ! ಹಳದಿ ಬಿತ್ತು, ಯಾರೂ ಮುಂದ ಹೋಗಬ್ಯಾಡ್ರಿ!’ ಎಂದು ಕೂಗಿದ. ಅಪಘಾತವಾದಾಗ ಅಲ್ಲಿ ಹಳದಿ ಬಾವುಟ ತೋರಿಸುತ್ತಾರಂತೆ. ನೆಲ ಒರೆಸಿ ಮುಗಿಯುವತನಕ ಇಡೀ ಪಂಕ್ತಿ ತುತ್ತನ್ನು ಕೈಯಲ್ಲಿ ಹಿಡಿದು ಕೂತಿತ್ತು. ನನ್ನ ಓರಗಿತ್ತಿ ನನ್ನ ಕಡೆ ನೋಡಿದ ನೋಟ ಇನ್ನೂ ನನ್ನ ಬೆನ್ನಿಗೆ ಅಂಟಿಕೊಂಡಿದೆ.

ಇದೆಲ್ಲ ಹೇಗೋ ನಡೆದುಹೋಯಿತು ಅನ್ನಿ. ಆದರೆ ಈ ವರ್ಷ ನನ್ನ ಒಬ್ಬಳೇ ತಂಗಿಗೆ ಹರಪನಹಳ್ಳಿಯಲ್ಲಿ ಸಂಬಂಧ ಕೂಡಿಬಂತು. ಮೆಕ್ಕೆಜೋಳದ ವ್ಯಾಪಾರದ ಒಳ್ಳೆಯ ಮನೆತನ. ನಮ್ಮಲ್ಲಿ ಸೋದರಮಾವನೇ ಮದುಮಗಳ ಕೈಹಿಡಿದು ಚಪ್ಪರದ ಹಂದರಗಂಬಕ್ಕೆ ಮೂರು ಸುತ್ತು ಹಾಕಿಸಿ ಅಕ್ಕಿಕಾಳಿಗೆ, ಅಂದರೆ ಅಕ್ಷತೆ ಹಾಕುವ ಮುಹೂರ್ತಕ್ಕೆ, ಕರೆತರಬೇಕು. ನನ್ನ ಮದುವೆಯಲ್ಲಿ ದೊಡ್ಡ ಮಾವ ಕರೆತಂದಿದ್ದ. ಈಗ ಅವನಿಲ್ಲ. ಮಕ್ಕಳಿಲ್ಲದ ಈ ಮಾವನಿಗೆ ಒಂದು ಹುಡುಗಿಯ ಕೈಹಿಡಿದು ಮದುವೆ ಹಂದರಕ್ಕೆ ಬರುವ ಭಾಗ್ಯ ಇದೊಂದೇ. ನಿಶ್ಚಯವಾದ ದಿನವೇ ಅವನು ರುಮಾಲಿನ ಬಟ್ಟೆ ತಂದಿಟ್ಟುಕೊಂಡಿದ್ದ.

ಅಷ್ಟರಲ್ಲಿ ಹರಪನಹಳ್ಳಿಯ ಬೀಗರು ಹೊಸ ಕಾರು ಕೊಂಡರು. ಕೊಟ್ಟೂರಿನ ಹೊರಗಿನ ಆಂಜನೇಯನ ಗುಡಿಯಲ್ಲಿ ಪೂಜೆ. ಗಾಲಿಗೆ ನಿಂಬೆಹಣ್ಣು ಇಟ್ಟಾಯಿತು, ಕಾಯಿ ಒಡೆದಾಯಿತು. ಗುಡಿಗೆ ಮೂರು ಸುತ್ತು ಹಾಕಿಸುವುದೊಂದು ಬಾಕಿ. ಬೀಗರು ಒಳ್ಳೆಯ ಮನಸ್ಸಿನಿಂದಲೇ, ‘ಹಿರೇರು ಅದೀರಿ, ಗಾಡಿ ಬಲ್ಲವರು. ನಿಮ್ಮ ಕೈಲೇ ಆಗ್ಲಿ’ ಎಂದು ಬೀಗದ ಕೈಯನ್ನು ಮಾವನಿಗೆ ಕೊಟ್ಟುಬಿಟ್ಟರು! ಹಿಂದಿನ ಸೀಟಿನಲ್ಲಿ ಬೀಗರ ತಾಯಿ, ಮಡಿಲ ತುಂಬ ಚೆಂಡುಹೂ ಇಟ್ಟುಕೊಂಡು ಕೂತಿದ್ದರು. ನಾನು ಕಿಟಕಿಗೆ ಬಾಗಿ, ‘ಮಾವಾ, ದೇವ್ರು ಬಲಗೈಗೆ ಬರಬೇಕು, ಬಲಗೈಗೆ’ ಎಂದು ಪಿಸುಗುಟ್ಟಿದೆ. ‘ನನಗ ಗೊತ್ತಿಲ್ಲೇನು?’ ಎಂದ. ಗಾಡಿ ಹೊರಟಿತು. ಹನುಮಪ್ಪ ಎಡಗೈಗೆ ಬಂದ!

ದೇವರಿಗೆ ಯಾರಾದರೂ ಉಲ್ಟಾ ಸುತ್ತು ಹಾಕುತ್ತಾರೆಯೇ? ಎಲ್ಲರೂ ಹೋ ಎಂದು ಕೂಗಿದರು. ಆ ಕೂಗು ಅವನಿಗೆ ಚಪ್ಪಾಳೆಯ ಹಾಗೆ ಕೇಳಿಸಿರಬೇಕು. ಎರಡನೇ ಸುತ್ತಿಗೆ ಧೂಳೆದ್ದಿತು. ಒಳಗಿಂದ ಅಜ್ಜಿಯ ‘ಯಪ್ಪೋ, ಹನುಮಪ್ಪೋ’ ಎಂಬ ಕೂಗು ಒಮ್ಮೆ ಹತ್ತಿರ, ಒಮ್ಮೆ ದೂರ. ಪೂಜಾರಿ ನಿಲ್ಲಿಸಲೆಂದು ಅಡ್ಡ ಬಂದು, ಹೆಗಲ ಮೇಲಿನ ಬಿಳಿ ವಸ್ತ್ರ ತೆಗೆದು ಬೀಸಿದ. ಅಯ್ಯೋ, ಆ ವಸ್ತ್ರ ಕೆಂಪಗಾದರೂ ಇರಬಾರದಿತ್ತೆ! ರೇಸಿನಲ್ಲಿ ಬಿಳಿ ಬಾವುಟ ಬೀಸಿದರೆ ಇನ್ನೊಂದೇ ಸುತ್ತು ಉಳಿದಿದೆ, ಇದ್ದ ಶಕ್ತಿಯನ್ನೆಲ್ಲ ಹಾಕು ಎಂದರ್ಥವಂತೆ. ‘ಕೊನೀ ಸುತ್ತು!’ ಎಂದು ಕೂಗಿದ ಮಾವ ಹಾಕಿದ ವೇಗಕ್ಕೆ ಗುಡಿಯ ಗಂಟೆಯೇ ಅಲುಗಿದಂತಾಯಿತು. ಕೊನೆಗೂ ಗಾಡಿ ನಿಲ್ಲಿಸಿ, ಇಳಿದು, ಬೆವರೊರೆಸಿಕೊಂಡು, ಬಾಯಿ ತೆರೆದು ನಿಂತಿದ್ದ ಪೂಜಾರಿಯನ್ನು ಕೇಳಿದ: ‘ಹಾಲು ಐತೇನ್ರಿ?’

ಅಜ್ಜಿಯನ್ನು ಇಬ್ಬರು ಹಿಡಿದು ಇಳಿಸಿದರು. ಮಡಿಲಿನ ಚೆಂಡುಹೂ ಅವರ ತಲೆಯ ಮೇಲಿತ್ತು.

ಮರುದಿನ, ನಾನು ಹಗರಿಬೊಮ್ಮನಹಳ್ಳಿಗೆ ಮರಳಿದ ಮೇಲೆ, ಬೀಗರ ಫೋನು. ‘ಮದಿವಿ ನಿಂದ್ರಂಗಿಲ್ಲ ತಂಗಿ. ಆದ್ರ ನಮ್ಮವ್ವ ಹಠ ಹಿಡದಾರ. ದೇವರನ್ನ ಎಡಕ್ಕ ಸುತ್ತಿದಾಂವ ಹುಡುಗೀನ ಹಂದರಗಂಬಕ್ಕೂ ಎಡಕ್ಕ ಸುತ್ತಿಸಿದ್ರ? ಅವರು ಕೈ ಹಿಡಿದ್ರ ನಾ ಅಕ್ಕಿಕಾಳು ಹಾಕಂಗಿಲ್ಲ ಅಂತಾರ. ಬ್ಯಾರೆ ಯಾರಿಗಾರ ಹೇಳ್ರಿ.’ ತವರಿಗೆ ಫೋನು ಮಾಡಿದರೆ ತಂಗಿ ಅತ್ತಳು. ಅಮ್ಮ, ‘ನೀನ ಹೇಳು, ನನಗ ಬಾಯಿ ಬರಂಗಿಲ್ಲ’ ಎಂದಳು. ನಿಜ ಹೇಳಬೇಕೆಂದರೆ ಬೀಗರ ಮಾತು ನನಗೆ ಸರಿಯೆನಿಸಿತು. ಮಾವನಿಂದ ತಲೆ ತಗ್ಗಿಸಿ ತಗ್ಗಿಸಿ ಸಾಕಾಗಿತ್ತು. ಒಂದು ದಿನ, ಒಂದೇ ಒಂದು ದಿನ, ನಾಲ್ಕು ಜನರ ಮುಂದೆ ಮರ್ಯಾದೆಯಿಂದ ನಿಲ್ಲಬೇಕು ಅನ್ನಿಸುವುದು ತಪ್ಪೇ? ಹೇಳಬೇಕಾದ ಮಾತನ್ನು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಕೊಟ್ಟೂರಿಗೆ ಹೋದೆ.

ಮಾವನ ಮನೆಯ ಬಾಗಿಲು ತೆರೆದಿತ್ತು. ಟೀವಿಯ ಮೇಲೆ ಅತ್ತೆಯ ಹಳೇ ಸೀರೆ ಹೊದಿಸಿತ್ತು. ಹಿತ್ತಿಲಿನಿಂದ ಅತ್ತೆಯ ದನಿ: ‘ಸಾಕ್ ಬಿಡ್ರಿ, ನನ್ನ ಮದಿವ್ಯಾಗೂ ಇಷ್ಟು ಸುತ್ತಿಲ್ಲ. ಮೊಣಕಾಲು ಹೋದ್ವು.’

‘ಇನ್ನೊಮ್ಮಿ. ಒಂದಾ ಒಂದು ಸಲ.’

ಇಣುಕಿ ನೋಡಿದೆ. ಹಿತ್ತಿಲ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ, ಅದಕ್ಕೆ ನೆಟ್ಟಗೆ ಕಟ್ಟಿದ ಒಂದು ಕೋಲು. ಹಂದರಗಂಬ! ಮಾವ ಅತ್ತೆಯ ಕೈಹಿಡಿದು ಅದನ್ನು ಸುತ್ತುತ್ತಿದ್ದ. ಬಲಸುತ್ತು. ಬಲಗೈ ಯಾವುದೆಂದು ಮರೆಯದಿರಲೆಂದು ಮಣಿಕಟ್ಟಿಗೆ ಅರಿಶಿನದ ದಾರ ಕಟ್ಟಿಕೊಂಡಿದ್ದ. ಎರಡು ಹೆಜ್ಜೆಗೊಮ್ಮೆ ದಾರವನ್ನು ನೋಡುತ್ತಿದ್ದ. ನನ್ನನ್ನು ಕಂಡವನೇ ಅತ್ತೆಯ ಕೈಬಿಟ್ಟು ತಲೆ ತಗ್ಗಿಸಿ ನಿಂತ. ಅವನು ನಾಚಿಕೊಂಡದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

‘ಆ ಮುದುಕಿ ಸಿಟ್ಟಾಗಿದ್ದು ಖರೇ ಐತವ್ವಾ’ ಎಂದ. ‘ಗುಡಿ ಹತ್ರ ನಾ ಬಲಕ್ಕನ ಹೋಗ್ಬೇಕಂತಿದ್ನಿ. ಕೈ ತಾನ ಎಳಕೊಂಡು ಹೋತು. ಸಣ್ಣಾಕಿ ಕೈ ಹಿಡಿದಾಗ ಹಂಗಾದ್ರ ಏನ್ಮಾಡ್ಲಿ? ಆಕಿ ಬಾಳ್ವಿ ಅದು.’

ಅತ್ತೆ ಮೊಣಕಾಲು ತಿಕ್ಕುತ್ತ ಕಟ್ಟೆಗೆ ಕೂತಳು. ‘ಅವತ್ತಿನಿಂದ ಟೀವಿ ಹಚ್ಚಿಲ್ಲವ್ವಾ. ವರ್ಷಕ್ಕೊಮ್ಮಿ ಬರೋ ದೊಡ್ಡ ರೇಸು ಮೊನ್ನಿ ಆತಂತ. ನೋಡ್ರಿ ಅಂದೆ. ಬ್ಯಾಡ, ಎಡಕ್ಕ ಸುತ್ತೋದು ಕಣ್ಣಿಗೆ ಬಿದ್ರ ಕಲ್ತದ್ದು ಮರೀತೀನಿ ಅಂದ್ರು.’

ಬಸ್ಸಿನಲ್ಲಿ ಬಾಯಿಪಾಠ ಮಾಡಿದ ಮಾತು ಒಂದೂ ನೆನಪಿಗೆ ಬರಲಿಲ್ಲ. ಬರದಿದ್ದದ್ದೇ ಒಳ್ಳೆಯದಾಯಿತು. ನನಗೆ ನನ್ನ ಮೇಲೇ ಎಷ್ಟು ನಾಚಿಕೆಯಾಯಿತೆಂದರೆ ಮಾವನ ಮುಖ ನೋಡಲಾಗಲಿಲ್ಲ. ಅದೇ ಹೊತ್ತಿಗೆ ಫೋನು ಬಡಿದುಕೊಂಡಿತು. ಬೀಗರು.

‘ಹೇಳಿದ್ರೇನ್ ತಂಗಿ?’

‘ಕೈ ಹಿಡಿಯೋದು ನಮ್ಮ ಮಾವನರಿ’ ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ‘ನಿಮ್ಮವ್ವಾರಿಗೆ ಅಂಜಿಕಿ ಇದ್ರ ಹಂದರಗಂಬದ ಹತ್ರಾನ ಕುರ್ಚಿ ಹಾಕಿಸ್ತೀನಿ. ಕುಂತು ಕಣ್ತುಂಬ ನೋಡ್ಲಿ. ತಪ್ಪಿದ್ರ ನನ್ನ ಕೇಳ್ರಿ.’

ಫೋನಿಟ್ಟೆ. ಮಾವನಿಗೆ ಎಲ್ಲ ತಿಳಿದಿತ್ತು ಅಂತ ಕಾಣುತ್ತದೆ. ಟವೆಲ್ಲಿನಿಂದ ಮುಖ ಒರೆಸಿಕೊಂಡ, ಬಹಳ ಹೊತ್ತು ಒರೆಸಿಕೊಂಡ.

ಅತ್ತೆಗೆ ಏಳಲಾಗುತ್ತಿರಲಿಲ್ಲ. ನಾನು ಚಪ್ಪಲಿ ಬಿಟ್ಟು ಹಿತ್ತಿಲಿಗೆ ಇಳಿದು ಕೈ ಚಾಚಿದೆ. ‘ಹಿಡ್ಕೋ ಮಾವಾ’ ಎಂದೆ. ಹಿಡಿದುಕೊಂಡ. ಮಣಿಕಟ್ಟಿನ ದಾರವನ್ನೊಮ್ಮೆ ನೋಡಿಕೊಂಡ. ನಾವಿಬ್ಬರೂ ಆ ಕುರ್ಚಿಯನ್ನು ಬಲಗಡೆಗೆ ಇಟ್ಟುಕೊಂಡು ಒಂದೊಂದೇ ಹೆಜ್ಜೆ ಇಟ್ಟೆವು. ನಮ್ಮ ಮಾವ ಅಷ್ಟು ನಿಧಾನವಾಗಿ ನಡೆದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.