ಬೆನ್ನಿನ ಕಡೆಯಿಂದ

‘ಡಾಕ್ಟರ್ ಹೇಳಿದ್ದರಲ್ಲಿ ಅರ್ಧ ಅರ್ಥವಾಗಲಿಲ್ಲ. ಆದರೂ ಎಲ್ಲದಕ್ಕೂ ತಲೆಯಾಡಿಸಿದೆ’ ಎಂದು ದಿನಚರಿಯಲ್ಲಿ ಬರೆದು ಪುಟ ಮಡಚಿದ ಮೇಲೂ ಮದೀಹಾಗೆ ಸಮಾಧಾನವಾಗಲಿಲ್ಲ.

ಚನ್ನಗಿರಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅವಳ ತಂದೆ ಗೌಸ್‌ಪೀರ್ ಅವರ ಕಿಡ್ನಿಯಲ್ಲಿ ಅಡಿಕೆ ಗಾತ್ರದ ಗಡ್ಡೆಯಾಗಿತ್ತು. ರೋಬೋಟ್ ಕೈಗಳಿಂದ ಅದನ್ನಷ್ಟೇ ತೆಗೆದು ಕಿಡ್ನಿ ಉಳಿಸಬಹುದು, ಬೆನ್ನಿನ ಕಡೆಯಿಂದ ಹೋಗೋಣ ಎಂದಿದ್ದರು ದಾವಣಗೆರೆಯ ಡಾಕ್ಟರ್. ನಾಳೆಯೇ ಅಡ್ಮಿಟ್. ಮನೆಯಲ್ಲಿ ಡಿಗ್ರಿ ಮಾಡಿದವಳು ಮದೀಹಾ ಒಬ್ಬಳೇ ಆದ್ದರಿಂದ ಕೇಳಿದವರಿಗೆಲ್ಲ ವಿವರಿಸುವ ಕೆಲಸ ಅವಳ ತಲೆಗೇ ಬಿದ್ದಿತ್ತು.

ತಂದೆಗೆ ಬುತ್ತಿ ಕೊಡಲು ಅಂಗಡಿಗೆ ಹೋದರೆ ಬೆಂಚಿನ ಮೇಲೆ ಆಗಲೇ ಪಂಚಾಯ್ತಿ ಸೇರಿತ್ತು.

“ಬೆನ್ನಿಂದ ಯಾಕವ್ವಾ? ಹಿತ್ಲಿಂದ ಬರೋನು ಕಳ್ಳ. ಡಾಕ್ಟ್ರು ಮುಂಬಾಗ್ಲಿಂದ ಬರಬೇಕು,” ಎಂದಳು ಪಕ್ಕದ ಹೋಟೆಲಿನ ಭೀಮಕ್ಕ.

ಮದೀಹಾ ತಲೆ ತಗ್ಗಿಸಿ ತನ್ನ ಚಪ್ಪಲಿಗೆ ವಿವರಿಸಿದಳು. “ಹೊಟ್ಟೆ ಕಡೆಯಿಂದ ಹೋದ್ರೆ ರೋಬೋಟ್ ಕೈ ಆಡಾಕೆ ಜಾಗ ಜಾಸ್ತಿ. ಆದ್ರೆ ಕರುಳು ಪಕ್ಕಕ್ಕೆ ಸರಿಸಬೇಕು. ಬೆನ್ನಿಂದ ಜಾಗ ಇಕ್ಕಟ್ಟು, ಕಿಡ್ನಿ ಮಾತ್ರ ಸೀದಾ ಸಿಗ್ತೈತೆ.”

“ಇಕ್ಕಟ್ಟಿನ ಮಾತು ನಂಗೆ ಹೇಳಬ್ಯಾಡ,” ಎಂದ ದುರುಗಣ್ಣ. ಅವನು ರಿಟೈರ್ಡ್ ಬಸ್ ಕಂಡಕ್ಟರ್. “ನಾಕು ಜನದ ಕಾಲು ತುಳೀದೆ ಹಿಂದಿನ ಸೀಟಿಗೆ ಹೋಗಾಕೆ ಆಗಲ್ಲ. ಹೊಟ್ಟೆನೇ ಸರಿ.”

ಹೇಳಿ ಸುಮ್ಮನಿರದೆ ಹೊಲಿಗೆಯ ಸೀಮೆಸುಣ್ಣ ತೆಗೆದು ಗೌಸ್‌ಪೀರ್ ಅವರ ಅಂಗಿಯ ಹೊಟ್ಟೆಯ ಮೇಲೆ ದಾರಿ ಎಳೆದ. ಬ್ಲೌಸ್ ಒಯ್ಯಲು ಬಂದವಳೊಬ್ಬಳು ಬೆನ್ನ ಮೇಲೆ ಇನ್ನೊಂದು ಎಳೆದಳು. ಮಧ್ಯಾಹ್ನದ ಹೊತ್ತಿಗೆ ಗೌಸ್‌ಪೀರ್ ಕತ್ತರಿಗೆ ಕಾದ ಬಟ್ಟೆಯ ಥಾನಿನಂತೆ ಕುಳಿತಿದ್ದರು.

“ಯಾವ ಕಡೆ ಅಂತ ಗೊತ್ತಾಗದೆ ನಾನು ಬಟ್ಟೆನೇ ಕತ್ತರಿಸಲ್ಲ,” ಎಂದರು ಕೊನೆಗೆ. “ಆಪರೇಶನ್ನೇ ಬ್ಯಾಡ.”

ಮದೀಹಾ ಗೂಟಕ್ಕೆ ತೂಗುಹಾಕಿದ್ದ ಕೋಟನ್ನು ತೆಗೆದು ತಂದೆಯ ಮುಂದೆ ಹರವಿದಳು. “ಅಬ್ಬಾ, ಬೆನ್ನಿನ ಲೈನಿಂಗ್ ಹರಿದ್ರೆ ಮುಂದಿನ ಜೇಬು ಬಿಚ್ತೀರಾ?”

“ಯಾವ ಪೆದ್ದ ಬಿಚ್ತಾನೆ?”

“ಕಿಡ್ನಿನೂ ಬೆನ್ನಿನ ಕಡೆನೇ ಇರೋದು.”

ಗೌಸ್‌ಪೀರ್ ಕೋಟನ್ನು ಎರಡು ಸಲ ತಿರುವಿ ನೋಡಿದರು. “ಹಿಂಗೆ ಮೊದ್ಲೇ ಹೇಳಬಾರದಾ ಬೇಟಾ? ಬೆನ್ನಿಂದಾನೇ ಆಗಲಿ.” ಹೊಟ್ಟೆಯ ಮೇಲಿನ ಗೆರೆಯನ್ನು ಒರೆಸಿಕೊಂಡರು. ಸೋತ ಭೀಮಕ್ಕ ಎಲ್ಲರಿಗೂ ಚಾ ತಂದಳು.

ಅಷ್ಟರಲ್ಲಿ ಆಸ್ಪತ್ರೆಯಿಂದ ನರ್ಸ್ ಫೋನು ಮಾಡಿದಳು.

“ನಾಳೆ ಬರುವಾಗ ನಿಮ್ ತಂದೆಯವರ ಹಳೇ ಹೊಟ್ಟೆ ಆಪರೇಶನ್ ಚೀಟಿ ತನ್ನಿ.”

“ಯಾವ ಆಪರೇಶನ್‌ರೀ?”

“ಮೊದ್ಲು ಹೊಟ್ಟೆ ಆಪರೇಶನ್ ಆಗೈತಾ ಅಂತ ಡಾಕ್ಟ್ರು ಕೇಳಿದಾಗ ನೀವೇ ತಲೆಯಾಡಿಸಿದ್ರಲ್ಲ? ಹಳೇ ಗಾಯಕ್ಕೆ ಒಳಗೆ ಕರುಳು ಅಂಟಿಕೊಂಡಿರ್ತೈತೆ ಅಂತಾನೇ ಬೆನ್ನಿಂದ ಹೋಗ್ತಿರೋದು. ಇಲ್ದಿದ್ರೆ ಹೊಟ್ಟೆ ಕಡೆಯಿಂದಾನೇ ಮಾಡೋರು.”

ಅರವತ್ತು ವರ್ಷದಲ್ಲಿ ಗೌಸ್‌ಪೀರ್ ಅವರ ಮೈಗೆ ಸೂಜಿ ಬಿಟ್ಟು ಬೇರೆ ಉಕ್ಕು ತಾಗಿರಲಿಲ್ಲ. ರೂಢಿಯಂತೆ ಮದೀಹಾ ಫೋನಿಗೂ ತಲೆಯಾಡಿಸಿದಳು.

“ಹಲೋ? ಲೈನಲ್ಲಿದೀರಾ?”

ಬೆಂಚಿನವರೆಲ್ಲ ಚಾ ಲೋಟವನ್ನು ತುಟಿಯ ಹತ್ತಿರವೇ ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು. ದುರುಗಣ್ಣನ ಕೈಯಲ್ಲಿ ಸೀಮೆಸುಣ್ಣ ಇನ್ನೂ ಇತ್ತು.

“ಅಬ್ಬಾಗೆ ಯಾವ ಆಪರೇಶನ್ನೂ ಆಗಿಲ್ಲರೀ,” ಎಂದಳು ಮದೀಹಾ, ಬೆಂಚಿನ ಕೊನೆಯವರೆಗೂ ಕೇಳುವ ಹಾಗೆ. “ಡಾಕ್ಟ್ರು ಏನು ಕೇಳಿದ್ರು ಅಂತ ನಂಗೆ ಅರ್ಥಾನೇ ಆಗಿರಲಿಲ್ಲ.”