ನಾನು ಫುಲ್‌ಬ್ಯಾಕ್ ಆದ ಪ್ರಸಂಗ

ಫುಲ್‌ಬ್ಯಾಕ್ ಆಗುವುದಕ್ಕೆಂದೇ ಹುಟ್ಟಿದವನು ನಾನು ಎಂಬ ಸತ್ಯ ಹೊಳೆಯುವಷ್ಟರಲ್ಲಿ ನನಗೆ ನಲವತ್ತೊಂಬತ್ತಾಗಿತ್ತು. ಹೊಟ್ಟೆಗೂ ಸಾಕಷ್ಟು ವಯಸ್ಸಾಗಿತ್ತು. ಈ ಸತ್ಯವನ್ನು ಹೊಳೆಯಿಸಿದವಳು ನನ್ನ ಮಗಳು ನಿಧಿ.

ನಾವಿರುವುದು ಸ್ಯಾನ್ ಡಿಯಾಗೋದಲ್ಲಿ. ಈ ಊರಿಗೊಂದು ದೊಡ್ಡ ಫುಟ್‌ಬಾಲ್ ತಂಡವಿತ್ತು. ಚೆಂಡನ್ನು ಒದೆಯುವುದಕ್ಕಿಂತ ಕೈಯಲ್ಲಿ ಹಿಡಿದು ಓಡುವುದೇ ಹೆಚ್ಚಾದರೂ ಈ ದೇಶದವರು ಅದನ್ನು ಫುಟ್‌ಬಾಲ್ ಎಂದೇ ಕರೆಯುತ್ತಾರೆ. ಆ ವಿಷಯದಲ್ಲಿ ವಾದ ಮಾಡಿ ನಾನು ಸೋತಿದ್ದೇನೆ. ಆ ತಂಡ ಒಂದು ವರ್ಷ ಗಂಟುಮೂಟೆ ಕಟ್ಟಿಕೊಂಡು ಲಾಸ್ ಏಂಜಲೀಸಿಗೆ ಹೊರಟುಹೋಯಿತು. ಅಂದಿನಿಂದ ನಿಧಿಗೆ ಲಾಸ್ ಏಂಜಲೀಸ್ ಎಂದರೆ ಆಗದು. ಆದರೂ ಪ್ರತಿ ಭಾನುವಾರ ಟಿವಿಯ ಮುಂದೆ ಕೂತು, ಅದೇ ತಂಡದ ಆಟ ನೋಡಿ, ಅದೇ ತಂಡವನ್ನು ಬಯ್ಯುತ್ತಾಳೆ.

ಹದಿನೇಳರ ಹುಡುಗಿ. ನನ್ನೊಡನೆ ಅವಳ ಮಾತುಕತೆ ಕಾರಿನ ಕೀ ಎಲ್ಲಿದೆ ಎಂಬಷ್ಟಕ್ಕೆ ಇಳಿದಿತ್ತು. ಆಗಸ್ಟ್‌ನಲ್ಲಿ ಕಾಲೇಜಿಗೆ ಹೊರಡುವವಳಿದ್ದಳು, ಅದೂ ಲಾಂಗ್ ಬೀಚಿಗೆ, ಅಂದರೆ ಲಾಸ್ ಏಂಜಲೀಸಿನ ಮಗ್ಗುಲಿಗೇ. ಅಷ್ಟರೊಳಗೆ ಒಂದು ಸಲವಾದರೂ ಅವಳ ಉಪಯೋಗಕ್ಕೆ ಬರಬೇಕು ಎಂಬ ಆಸೆ ನನ್ನನ್ನು ಒಳಗೇ ಕೊರೆಯುತ್ತಿತ್ತು. ಅದಕ್ಕಾಗಿಯೇ ತಲೆಬುಡ ಅರ್ಥವಾಗದ ಆಟವನ್ನು ಅವಳ ಪಕ್ಕ ಕೂತು ನೋಡುತ್ತಿದ್ದೆ.

"ಆ ದಪ್ಪಗಿನವನು ಯಾರು?" ಎಂದು ಒಂದು ಭಾನುವಾರ ಕೇಳಿದೆ. "ಪ್ರತಿ ಸಲ ಓಡಿಹೋಗಿ ಯಾರಿಗೋ ಡಿಕ್ಕಿ ಹೊಡೆದು ಬೀಳ್ತಾನೆ. ಪಾಪ, ಅವನಿಗೆ ಚೆಂಡನ್ನೇ ಕೊಡಲ್ಲ."

"ದಟ್ಸ್ ದ ಫುಲ್‌ಬ್ಯಾಕ್, ಅಪ್ಪಾ," ಎಂದು ನಿಧಿ ನನ್ನ ಕಡೆ ತಿರುಗಿದಳು. ಅವಳು ನನ್ನ ಕಡೆ ತಿರುಗಿ ಬಹಳ ಕಾಲವಾಗಿತ್ತು.

ಕಾಲು ಭಾಗ ಕನ್ನಡ, ಮುಕ್ಕಾಲು ಭಾಗ ಇಂಗ್ಲಿಷಿನಲ್ಲಿ ಪಾಠ ನಡೆಯಿತು. ಫುಲ್‌ಬ್ಯಾಕ್ ಎಂದರೆ ಚೆಂಡು ಹಿಡಿದು ಓಡುವವನ ಮುಂದೆ ಓಡಿ, ಅಡ್ಡ ಬಂದವರಿಗೆ ಭುಜ ಕೊಟ್ಟು ದಾರಿ ಬಿಡಿಸುವವನು. ಈಗಿನ ಬಹಳಷ್ಟು ತಂಡಗಳು ಅವನ ಬದಲು ಚೆಂಡು ಹಿಡಿಯುವ ಚುರುಕಿನವನೊಬ್ಬನನ್ನು ಇಟ್ಟುಕೊಳ್ಳುತ್ತವೆ. ಆದರೆ ಕೆಲವು ಜಾಣ ಕೋಚ್‌ಗಳು ಅವನನ್ನು ಬಿಡುವುದಿಲ್ಲ. ಅವನು ಮೈದಾನಕ್ಕಿಳಿದರೆ ಅವನ ಹೊಡೆತ ತಡೆಯಲು ಎದುರಿನವರೂ ಭಾರಿ ಆಳುಗಳನ್ನು ಇಳಿಸಬೇಕು. ಇಳಿಸಿದ ಕೂಡಲೇ ಇವರು ಚೆಂಡನ್ನು ದೂರಕ್ಕೆ ಎಸೆದುಬಿಡುತ್ತಾರೆ. ಭಾರಿ ಆಳುಗಳು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಇನ್ನು ಚೆಂಡನ್ನು ದೂರಕ್ಕೆ ಒದೆಯುವ ಸಂದರ್ಭಗಳಿಗೆಂದೇ ಸ್ಪೆಷಲ್ ಟೀಮ್ ಎಂದು ಬೇರೆ ಆಳುಗಳಿರುತ್ತಾರೆ. ಅಲ್ಲಂತೂ ಹಿಂದೆಮುಂದೆ ನೋಡದೆ ನುಗ್ಗುವ ಇಂಥವನೇ ಬೇಕು.

"ಹೆಸರು ಬರಲ್ಲ, ಸ್ಕೋರ್ ಬರಲ್ಲ," ಎಂದಳು. "ಹಿ ಜಸ್ಟ್ ಹಿಟ್ಸ್ ಪೀಪಲ್."

ನನ್ನ ಕಣ್ಣು ತುಂಬಿ ಬಂತು. ಮುಂದೆ ಹೋಗಿ, ಏಟು ತಿಂದು, ಹೆಸರಿಲ್ಲದೆ ಬೀಳುವುದು. ಇದು ಅಪ್ಪನ ಕೆಲಸವಲ್ಲದೆ ಇನ್ನೇನು?

ಪ್ರತಿ ಬೇಸಿಗೆಯಲ್ಲೂ ಎರಡೂ ಊರಿನ ಕನ್ನಡಿಗರು ನಡುದಾರಿಯ ಪಾರ್ಕೊಂದರಲ್ಲಿ ಪಿಕ್ನಿಕ್ ಮಾಡುತ್ತೇವೆ. ಬಿಸಿಬೇಳೆಬಾತಿಗೂ ಮೊಸರನ್ನಕ್ಕೂ ನಡುವೆ ಒಂದು ಫುಟ್‌ಬಾಲ್ ಪಂದ್ಯ. ಯಾರನ್ನೂ ಹಿಡಿದು ಕೆಡವುವಂತಿಲ್ಲ. ಚೆಂಡು ಹಿಡಿದವರನ್ನು ಎರಡು ಕೈಯಿಂದ ಮುಟ್ಟಿದರೆ ಸಾಕು, ಅವರ ಓಟ ಅಲ್ಲಿಗೆ ಮುಗಿಯಿತು. ದಾರಿ ಬಿಡಿಸಲು ಭುಜ ಕೊಡಬಹುದು. ನಾವು ಒಮ್ಮೆಯೂ ಗೆದ್ದಿರಲಿಲ್ಲ. ಈ ಸಲ ನಮ್ಮ ಕ್ಯಾಪ್ಟನ್ ನಿಧಿ. ಊರು ಬಿಡುವ ಮೊದಲು ಲಾಸ್ ಏಂಜಲೀಸಿನವರನ್ನು ಒಮ್ಮೆ ಸೋಲಿಸಲೇಬೇಕು ಎಂದು ಹಟ ಹಿಡಿದಿದ್ದಳು.

"ನಾನು ಫುಲ್‌ಬ್ಯಾಕ್ ಆಗ್ತೀನಿ," ಎಂದೆ.

ನಿಧಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಓಕೆ. ಒಂದೇ ರೂಲ್, ಅಪ್ಪಾ. ಡೋಂಟ್ ಸ್ಟಾಪ್. ನಾನು ನಿನ್ನ ಹಿಂದೇನೇ ಇರ್ತೀನಿ. ಏನೇ ಆದ್ರೂ ನಿಲ್ಬೇಡ."

ತರಬೇತಿ ಮರುದಿನವೇ ಆರಂಭವಾಯಿತು. ಎದುರಾಳಿಯನ್ನಾಗಿ ಮನೆ ಮುಂದಿನ ಕಸದ ಡಬ್ಬಿಯನ್ನು ಆರಿಸಿಕೊಂಡೆ. ಇಲ್ಲಿನ ಕಸದ ಡಬ್ಬಿಗಳು ಆಳೆತ್ತರ ಇರುತ್ತವೆ, ಅವಕ್ಕೆ ಚಕ್ರಗಳೂ ಇರುತ್ತವೆ. ಚಕ್ರದ ಬಗ್ಗೆ ನಾನು ಯೋಚಿಸಬೇಕಿತ್ತು. ಮೊದಲ ಡಿಕ್ಕಿಗೇ ಡಬ್ಬಿ ಸೋಲೊಪ್ಪಿಕೊಂಡು, ಇಳಿಜಾರಿನ ಡ್ರೈವ್‌ವೇ ಇಳಿದು, ರಸ್ತೆ ದಾಟಿ, ಎದುರುಮನೆಯವರ ಮೇಲ್‌ಬಾಕ್ಸನ್ನು ಬುಡಸಮೇತ ಮಲಗಿಸಿತು. ನಾನು ಡಬ್ಬಿ ಮೊದಲಿದ್ದ ಜಾಗದಲ್ಲಿ ಮಲಗಿದ್ದೆ.

ಹೆಂಡತಿ ವಸುಧಾ ಹೊರಗೆ ಬಂದಳು. "ಏನ್ರೀ ಇದು?"

"ಫುಲ್‌ಬ್ಯಾಕ್ ತರಬೇತಿ."

"ಸರಿ. ಎದುರುಮನೆಯವ್ರಿಗೂ ನೀವೇ ಹೋಗಿ ಹಾಗಂತ ಹೇಳಿ," ಎಂದು ಒಳಗೆ ಹೋದಳು.

ಪಂದ್ಯದ ದಿನ ಬಂತು. ಮೊದಲಿಗೇ ಸ್ಪೆಷಲ್ ಟೀಮಿನ ಕೆಲಸ. ಅವರು ಚೆಂಡನ್ನು ಒದ್ದರು, ಹಿಂದೆಲ್ಲೋ ನಿಧಿ ಹಿಡಿದಳು. ನಾನು ಹಲ್ಲು ಕಚ್ಚಿ, ಕಣ್ಣು ಮುಚ್ಚಿ ನುಗ್ಗಿ, ಮೊದಲು ಸಿಕ್ಕವನಿಗೆ ಭುಜ ಕೊಟ್ಟೆ. ಆಸಾಮಿ ಅಂಗಾತ ಬಿದ್ದ. ಎಂಥ ಹೊಡೆತ! ನನಗೇ ನನ್ನ ಮೇಲೆ ಗೌರವ ಹುಟ್ಟಿತು.

"ಸರ, ನಾ ನಿಮ್ಮ ಕಡೆಯಾಂವ ಅದೀನ್ರೀ," ಎಂದು ನಮ್ಮ ತಂಡದ ಹುಬ್ಬಳ್ಳಿ ಬಸವರಾಜ ನೆಲದ ಮೇಲಿನಿಂದಲೇ ತಿಳಿಸಿದ.

ಅಲ್ಲಿಂದ ಮುಂದೆ ಕಣ್ಣು ಬಿಟ್ಟುಕೊಂಡೇ ಆಡಿದೆ. ಆಶ್ಚರ್ಯವೆಂದರೆ ಆಮೇಲೆ ನಾನು ತಳ್ಳಿದವರೆಲ್ಲ ಎದುರಾಳಿಗಳೇ ಆಗಿದ್ದರು. ಆಟ ಮುಗಿಯುವ ಹೊತ್ತಿಗೆ ಎರಡೂ ಕಡೆ ಸಮಸಮ. ಕೊನೆಯ ಅವಕಾಶ ನಮ್ಮದು, ಚೆಂಡಿನೊಡನೆ ದಾಟಿದರೆ ಗೆದ್ದಂತೆ ಎನ್ನುವ ಗೆರೆ ಕೂಗಳತೆಯಲ್ಲಿತ್ತು. ನಿಧಿ ನನ್ನ ಬೆನ್ನು ತಟ್ಟಿ, "ನಿನ್ನ ಹಿಂದೇನೇ ಬರ್ತೀನಿ," ಎಂದಳು. ಆ ಕ್ಷಣದಲ್ಲಿ ನನ್ನಷ್ಟು ಸುಖಿ ಈ ರಾಜ್ಯದಲ್ಲಿ ಇನ್ನೊಬ್ಬನಿರಲಿಲ್ಲ.

ಲಾಸ್ ಏಂಜಲೀಸಿನವರು ಮಾತ್ರ ಕುತಂತ್ರಿಗಳು. ನನ್ನ ಎದುರಿಗೆ ಬರ್ಬ್ಯಾಂಕಿನ ನಾಗರಾಜ್ ಅಂಕಲನ್ನು ತಂದು ನಿಲ್ಲಿಸಿದರು. ನಾವು ಈ ದೇಶಕ್ಕೆ ಬಂದ ಹೊಸದರಲ್ಲಿ ತಿಂಗಳುಗಟ್ಟಲೆ ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದ ಮಹಾನುಭಾವರು. ವಯಸ್ಸು ಎಪ್ಪತ್ತರ ಹತ್ತಿರ. ಮಂಡಿಗೆ ಪಟ್ಟಿ ಬಿಗಿದುಕೊಂಡು, "ಬಾರಪ್ಪ ಶ್ರೀಧರ, ಸಂಕೋಚ ಮಾಡ್ಕೋಬೇಡ," ಎಂದು ನಗುತ್ತಿದ್ದರು.

ಸಂಕೋಚ ಮಾಡಿಕೊಳ್ಳಲಿಲ್ಲ. ಮನಸ್ಸು ಕಲ್ಲು ಮಾಡಿಕೊಂಡು ಓಡಿದೆ. ಭುಜ ಇನ್ನೇನು ತಗಲಬೇಕು, ಅಷ್ಟರಲ್ಲಿ ನನ್ನ ಶೂ ಅವರ ಕಾಲಿಗೆ ತಾಗಿತು.

ಆಮೇಲೆ ನಡೆದದ್ದು ನಾನು ಮಾಡಿದ್ದಲ್ಲ, ನನ್ನನ್ನು ಬೆಳೆಸಿದವರು ಮಾಡಿಸಿದ್ದು. ಹಿರಿಯರಿಗೆ ಕಾಲು ತಾಗಿದರೆ ಏನು ಮಾಡಬೇಕೋ ಅದನ್ನೇ ಮಾಡಿದೆ. ನಿಂತೆ. ಬಗ್ಗಿದೆ. ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಹೇಗೂ ಬಗ್ಗಿದ್ದೇನಲ್ಲ ಎಂದು ಪಾದಕ್ಕೂ ನಮಸ್ಕರಿಸಿಬಿಟ್ಟೆ! ಅಂಕಲ್ ನನ್ನ ತಲೆಯ ಮೇಲೆ ಕೈಯಿಟ್ಟು, "ನೂರ್ಕಾಲ ಚೆನ್ನಾಗಿರಪ್ಪ," ಎಂದರು.

ನನ್ನನ್ನು ನಂಬಿ ಹಿಂದೆಯೇ ಓಡಿ ಬರುತ್ತಿದ್ದ ನಿಧಿ ನನ್ನ ಬೆನ್ನಿಗೆ ಎಡವಿ, ಆಶೀರ್ವಾದದ ಮೇಲಿಂದ ಹಾರಿ, ಆಚೆ ಬಿದ್ದಳು. ಚೆಂಡು ಉರುಳಿತು. ಲಾಸ್ ಏಂಜಲೀಸಿನವನೊಬ್ಬ ಅದನ್ನೆತ್ತಿಕೊಂಡು ಈ ತುದಿಯಿಂದ ಆ ತುದಿಯವರೆಗೆ ಓಡಿ ಪಂದ್ಯ ಗೆದ್ದುಬಿಟ್ಟ. ಅವನ ಹಿಂದೆ ಓಡಬೇಕಾದ ನಾನು ಇನ್ನೂ ಬಗ್ಗಿಯೇ ಇದ್ದೆ. ಸೊಂಟ ಹಿಡಿದುಕೊಂಡಿತ್ತು.

ನಿಧಿಯ ಮೊಣಕೈ ತರಚಿತ್ತು. ಎದ್ದು ಹುಲ್ಲು ಕೊಡವಿಕೊಂಡು ನನ್ನನ್ನು ನೋಡಿದಳು. "ಯು ಸ್ಟಾಪ್ಡ್," ಎಂದಳು. ಅಷ್ಟೇ. ನಾಲ್ಕು ಮಾತು ಬಯ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಕಾಲಿಗೆ ಬೀಳೋದಿದ್ರೆ ಮ್ಯಾಚ್ ಮುಗಿದ್ಮೇಲೆ ಬೀಳಬಹುದಿತ್ತಲ್ರೀ," ಎಂದಳು ವಸುಧಾ, ಕಾರಿನಲ್ಲಿ. ಹಿಂದಿನ ಸೀಟಿನಲ್ಲಿ ನಿಧಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದಳು. ಮನೆ ತಲುಪುವ ಮೊದಲೇ ನಾಗರಾಜ್ ಅಂಕಲ್ ಎರಡೂ ಊರಿನ ವಾಟ್ಸ್ಯಾಪ್ ಗುಂಪುಗಳಲ್ಲಿ ನನ್ನ ಸಂಸ್ಕಾರವನ್ನು ಹೊಗಳಿ ಬರೆದಿದ್ದರು. ಜೊತೆಗೆ ನಾನು ಬಗ್ಗಿದ ಫೋಟೋ. ಫೋಟೋದ ಮೂಲೆಯಲ್ಲಿ ನಿಧಿಯ ಎರಡು ಕಾಲುಗಳು ಗಾಳಿಯಲ್ಲಿದ್ದವು.

ಅಲ್ಲಿಂದ ಆಗಸ್ಟ್‌ವರೆಗೆ ಕಾರಿನ ಕೀಯನ್ನೂ ಅವಳು ಅಮ್ಮನನ್ನೇ ಕೇಳಿದಳು.

ಹಾಸ್ಟೆಲಿಗೆ ಸೇರಿಸುವ ದಿನ ಲಾಂಗ್ ಬೀಚಿನಲ್ಲಿ ಜಾತ್ರೆಯಂಥ ಜನ. ಎಲ್ಲರ ಕೈಯಲ್ಲೂ ದಿಂಬು, ದೀಪ, ಪೆಟ್ಟಿಗೆ. ಇದು ನನಗೆ ದೇವರು ಕೊಟ್ಟ ಎರಡನೆಯ ಅವಕಾಶ ಎಂದುಕೊಂಡೆ. ಅವಳ ಪುಟ್ಟ ಫ್ರಿಜ್ಜನ್ನು ಎದೆಗವಚಿಕೊಂಡು, "ನಿಧಿ, ನನ್ನ ಹಿಂದೇನೇ ಬಾ," ಎಂದು ನುಗ್ಗಿದೆ. ಬಾಗಿಲಲ್ಲಿ ನಿಂತಿದ್ದ ಯಾರದೋ ಅಪ್ಪನಿಗೆ ಭುಜ ಕೊಟ್ಟೆ; ಅವರು ಗೋಡೆ ಹಿಡಿದರು. ಯಾರದೋ ಅಜ್ಜಿ ತಾವಾಗಿಯೇ ದಾರಿ ಬಿಟ್ಟರು. ಮೆಟ್ಟಿಲ ಮೇಲೆ ಯಾರ ಕಾಲು ತುಳಿದೆನೋ ತಿಳಿಯದು. ಬಗ್ಗಲಿಲ್ಲ. ಹಿಂದಿನಿಂದ ಏನೇನೋ ಕೂಗು ಕೇಳಿಸಿತು, ತಿರುಗಲಿಲ್ಲ. ಮೂರನೆಯ ಮಹಡಿ ತಲುಪಿ, ಏದುಸಿರು ಬಿಡುತ್ತಾ, "ನೋಡಿದ್ಯಾ, ನಿಲ್ಲಲಿಲ್ಲ," ಎಂದು ತಿರುಗಿದೆ.

ಹಿಂದೆ ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಜೇಬಿನ ಫೋನ್ ಬಡಿದುಕೊಂಡಿತು. ವಸುಧಾ. "ಎಲ್ಲಿದ್ದೀರ್ರೀ? ನಾವು ರೂಮಿಗೆ ಬಂದು ಹಾಸಿಗೆ ಹಾಸಿದ್ದೂ ಆಯ್ತು."

"ಮೂರನೇ ಮಹಡೀಲಿದ್ದೀನಿ."

"ಇವಳ ರೂಮಿರೋದು ಆ ಬಿಲ್ಡಿಂಗಲ್ಲಲ್ಲ, ಪಕ್ಕದ್ರಲ್ಲಿ. ಎಷ್ಟು ಕೂಗಿದ್ಲು, ನೀವು ನಿಲ್ಲಲೇ ಇಲ್ಲ."

ಫ್ರಿಜ್ಜನ್ನು ನೆಲಕ್ಕಿಳಿಸಿ ಅದರ ಮೇಲೆಯೇ ಕೂತೆ. ಕೆಳಗಿಳಿಯಬೇಕಾದರೆ, ತಳ್ಳಿಕೊಂಡು ಬಂದ ಅಷ್ಟೂ ಜನರ ಎದುರಿನಿಂದಲೇ ಅದನ್ನು ಹೊತ್ತು ಹೋಗಬೇಕಿತ್ತು.