ಅಜ್ಜನ ಕೋವಿ ಹೊಳೆದ ಕಥೆ

ಕೋವಿ ಹಿಡಿದು ಬಸ್ಸು ಹತ್ತಿದೊಡನೆ ಕಂಡಕ್ಟರ್ ಬೊಬ್ಬೆ ಹೊಡೆಯಬಹುದಿತ್ತು. ದಾರಿಯಲ್ಲಿ ಸಿಗುವ ನೌಕಾನೆಲೆಯ ಗೇಟಿನೆದುರೇ ಬಸ್ಸು ಕೆಟ್ಟು ನಿಂತು, ಕೋವಿ ಸಮೇತ ಕೆಳಗಿಳಿದ ನಾನು ದೇಶದ ಭದ್ರತೆಗೆ ಧಕ್ಕೆಯೆಂದು ಸಂಜೆಯ ಟೀವಿಯಲ್ಲಿ ಬರಬಹುದಿತ್ತು. ಅಜ್ಜ ತುಂಬಿಟ್ಟು ಮರೆತ ಮದ್ದು ಕಾರವಾರದ ಕಚೇರಿಯ ಮೇಜಿನ ಮೇಲೆ ಸಿಡಿಯಬಹುದಿತ್ತು. ಎಲ್ಲಕ್ಕಿಂತ ಭಯಂಕರವಾದದ್ದೆಂದರೆ, ತುಕ್ಕು ನೋಡಿದ ಸಾಹೇಬರು ‘ಜೋಪಾನ ಮಾಡಲಾಗದವನಿಗೆ ಕೋವಿ ಯಾಕೆ’ ಎಂದು ಲೈಸೆನ್ಸು ರದ್ದು ಮಾಡಿ, ಅಜ್ಜನ ಏಕೈಕ ಗುರುತನ್ನು ಕಸಿದುಕೊಳ್ಳಬಹುದಿತ್ತು.

ನಾನು ಅಂಕೋಲೆಯ ಹೈಸ್ಕೂಲೊಂದರ ಇತಿಹಾಸದ ಮಾಸ್ತರ. ಜೊತೆಗೆ ಪುರಾತನ ಕೋವಿಗಳ ಸಂಗ್ರಹಕಾರ. ಸಂಗ್ರಹದಲ್ಲಿರುವುದು ಒಂದೇ ಕೋವಿ. ಶೆಟಗೇರಿಯ ಗದ್ದೆಗೆ ನುಗ್ಗುವ ಹಂದಿಗಳಿಗೆಂದು ಅಜ್ಜ ಇಟ್ಟುಕೊಂಡಿದ್ದ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪಿನ ಕೋವಿ. ಅದರಿಂದ ಹಂದಿ ಸತ್ತ ದಾಖಲೆಯಿಲ್ಲ. ಮನೆಯ ಹಂಚು ಒಡೆದದ್ದಕ್ಕೆ ಸಾಕ್ಷಿಗಳಿದ್ದಾರೆ. ಈಗ ಲೈಸೆನ್ಸಿನಲ್ಲಿ ‘ಪುರಾತನ, ಸಂಗ್ರಹಕ್ಕೆ ಮಾತ್ರ’ ಎಂದಿದೆ. ನವೀಕರಣಕ್ಕೆ ಕೋವಿಯನ್ನು ಕಚೇರಿಗೆ ಒಯ್ದು ತೋರಿಸಬೇಕು. ಆ ಪತ್ರ ಬಂದಂದಿನಿಂದ ನನಗೆ ಊಟ ರುಚಿಸಲಿಲ್ಲ.

“ಅಷ್ಟ್ ಹೆದ್ರಿಕೆ ಇದ್ರೆ ತಿಕ್ಕಿ ತಕಂಡ್ ಹೋಗಿ ಮಾರಾಯ್ರೆ,” ಎಂದಳು ಹೆಂಡತಿ ಸುಮಿತ್ರಾ. “ದೇವ್ರ ದೀಪ ನಾ ತಿಕ್ಕುದಿಲ್ವಾ?” ಎನ್ನುತ್ತ, ನೆನೆಸಿಟ್ಟ ಮುರುಗಲ ಸಿಪ್ಪೆಯ ಬೋಗುಣಿ ತಂದಿಟ್ಟಳು. ಪುನರ್ಪುಳಿ ಎಂದೂ ಕರೆಯುವ ಈ ಮುರುಗಲ ಹುಳಿ ನಮ್ಮ ಕಡೆ ಹೊಟ್ಟೆಗೂ ಆಗುತ್ತದೆ, ಹಿತ್ತಾಳೆಗೂ ಆಗುತ್ತದೆ. ಹಳೆಯ ವಸ್ತುವಿನ ಬೆಲೆಯೆಲ್ಲ ಅದರ ಹಳೆತನದಲ್ಲೇ ಇದೆ ಎಂದು ಪ್ರತಿವರ್ಷ ಮಕ್ಕಳಿಗೆ ಪಾಠ ಹೇಳುವ ನಾನೇ ಮೂರು ದಿನ ಕೂತು ತಿಕ್ಕಿದೆ. ಬಾಗಿಲಿಗೆ ಬಳಿದು ಉಳಿದಿದ್ದ ವಾರ್ನಿಶ್ಶನ್ನೂ ಮರದ ಹಿಡಿಕೆಗೆ ಹೊಡೆದೆ. ನಾಲ್ಕನೆಯ ದಿನ ಕೋವಿ ಮದುಮಗನಂತೆ ಹೊಳೆಯುತ್ತಿತ್ತು.

ಬಸ್ಸಿನಲ್ಲಿ ಕಂಡಕ್ಟರ್ ಕೋವಿಯಿದ್ದ ಉದ್ದನೆಯ ಚೀಲ ನೋಡಿ, “ಮೀನಿನ ಗಾಳಾ?” ಎಂದು ಕೇಳಿ ಮುಂದೆ ಹೋದ. ಬಸ್ಸು ಕೆಡಲಿಲ್ಲ. ಮದ್ದು ಸಿಡಿಯಲಿಲ್ಲ. ಕಚೇರಿಯ ಗುಮಾಸ್ತರು ಮಾತ್ರ ಕೋವಿಯನ್ನು ಎತ್ತಿ, ತಿರುಗಿಸಿ, ಕನ್ನಡಕ ಒರೆಸಿಕೊಂಡರು.

“ಮಾಸ್ತರ್ರೆ, ಇದು ಯಾರ ಕೋವಿ?”

“ನಮ್ಮಜ್ಜಂದು.”

“ಅಜ್ಜ ಮೊನ್ನೆ ತಕಂಡ್ರಾ?” ಎಂದು ಕಡತ ತೆರೆದರು. “ಇಲ್ಲಿ ‘ಪೂರ್ತಿ ತುಕ್ಕು ಹಿಡಿದದ್ದು’ ಹೇಳಿ ಬರ್ದದೆ. ತುಕ್ಕು ಎಲ್ಲಿ?”

ಸರಕಾರದ ತುಕ್ಕನ್ನು ನಾನೇ ನುಂಗಿದವನಂತೆ ನಿಂತೆ. ಕೋವಿ ಬದಲಾಗಿದೆಯೆಂದು ಅವರು ಬರೆದರೆ ಅಜ್ಜನೂ ಹೋದ, ಲೈಸೆನ್ಸೂ ಹೋಯಿತು. ಬೆವರಿನಲ್ಲೇ ಮುರುಗಲದ ಕಥೆ ಹೇಳಿದೆ. ಅವರು ನಳಿಗೆಯ ಮೇಲಿನ ನಂಬರಿಗೆ ಬೆರಳಿಟ್ಟು, ಕಡತ ನೋಡಿ, “ನಂಬರ್ ಸಮಾ ಅದೆ. ಅಡ್ಡಿಲ್ಲ,” ಎಂದರು. ನನಗೆ ಉಸಿರು ಬಂತು.

ಅಷ್ಟರಲ್ಲಿ ಅವರ ಕಣ್ಣು ಲೈಸೆನ್ಸಿಗೆ ಅಂಟಿಸಿದ ನನ್ನ ಹಳೆಯ ಫೋಟೋದ ಮೇಲೆ ಬಿತ್ತು. ಫೋಟೋ ನೋಡಿದರು, ನನ್ನ ನರೆತ ತಲೆ ನೋಡಿದರು, ಮತ್ತೆ ಫೋಟೋ ನೋಡಿದರು.

“ಕೋವಿ ಗುರ್ತ ಸಿಕ್ತು ಮಾಸ್ತರ್ರೆ. ನಿಮ್ಮ ಗುರ್ತವೇ ಸಿಗುದಿಲ್ಲ. ಈಗಿನ ಫೋಟೋ ತಕಂಡ್ ಇನ್ನೊಂದ್ ಸಲ ಬನ್ನಿ.”

ಕೋವಿ ಪಾಸು, ನಾನು ಫೇಲು. ಅದೇ ಕೋವಿಯನ್ನು ಹೊತ್ತು ಮನೆಗೆ ಬಂದು ಸುಮಿತ್ರಾಳಿಗೆ ಎಲ್ಲ ಹೇಳಿದೆ. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದಳು:

“ಮುರುಗಲ ಸಿಪ್ಪೆ ಇನ್ನೂ ಉಳದದೆ.”